ಪುಟ್ಟ ಸಂಶೋಧನಾ ವಿಮಾನಕ್ಕೆ ಯಾವ ಉಪಕರಣ, ಎಲ್ಲಿ ಕೂರಿಸಬೇಕು?

ಹವೆಯನ್ನು ಅಳೆಯೋಣ ಅಂತ ವಿಮಾನ ಹತ್ತಿದವರಿಗೆ ಮೊದಲು ಅಡ್ಡ ಬರುವುದು ಆ ವಿಮಾನವೇ. ಎಂಜಿನ್ ಹೊಗೆ ಬಿಡುತ್ತದೆ. ಪ್ರೊಪೆಲ್ಲರ್ ಗಾಳಿಯನ್ನು ಕಡೆಯುತ್ತದೆ. ರೆಕ್ಕೆ ತನ್ನ ಮುಂದಿರುವ ಗಾಳಿಯನ್ನು ಮೊದಲೇ ಮೇಲಕ್ಕೆ ಎತ್ತಿರುತ್ತದೆ. ಸೆನ್ಸರ್‌ಗೆ ಬಡಿಯುವ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ನಮಗೆ ಬೇಕಿರುವುದು ಮಾತ್ರ ವಿಮಾನ ಬರುವ ಮೊದಲು ಅಲ್ಲಿ ಇದ್ದ ಹವೆ.

ಹಾಗಾಗಿ ಕ್ಯಾಟಲಾಗಿನಲ್ಲಿ ಬರೆದಿರುವ ನಿಖರತೆಯನ್ನು ಹೋಲಿಸಿ ಉಪಕರಣ ಆರಿಸಿದರೆ ಸಾಲದು. ಈ ಉಪಕರಣವನ್ನು ವಿಮಾನದ ಪ್ರಭಾವದಿಂದ ಎಷ್ಟು ದೂರ ಇಡಬಹುದು, ಉಳಿದ ಪ್ರಭಾವವನ್ನು ಲೆಕ್ಕ ಹಾಕಿ ಕಳೆಯಬಹುದಾ? ಕೆಳಗಿನ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದು. ಕಾಲೇಜಿನಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ಕೂತು, ಕೈಯಲ್ಲಿರುವ ಸೀಮಿತ ಹಣದಲ್ಲಿ ಒಂದು ಸಣ್ಣ ವಿಮಾನವನ್ನು ಸಜ್ಜು ಮಾಡಬೇಕು ಅನ್ನುವವರಿಗೆ ಇದು ಉಪಯೋಗವಾಗಬೇಕು ಅಂತ ನನ್ನ ಆಸೆ.

ಕರ್ನಾಟಕದವರಿಗೆ ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2003ರ ವರುಣ ಯೋಜನೆ, 2017ರ ವರ್ಷಧಾರಿ ನಮಗೆಲ್ಲ ನೆನಪಿದೆ. ಅವು ಮೋಡ ಬಿತ್ತನೆಯ ಯೋಜನೆಗಳು. ಬಿತ್ತನೆಯ ವಿಮಾನಕ್ಕೆ ರೆಕ್ಕೆಗೆ ಕಟ್ಟಿದ, ಉರಿದು ಬಿತ್ತನೆಯ ಕಣ ಬಿಡುವ ಫ್ಲೇರುಗಳು ಮುಖ್ಯ. ಅಳೆಯುವ ವಿಮಾನ ಬೇರೆ ಜಾತಿಯದು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ 2009ರಲ್ಲಿ ಕೈಪೀಕ್ಸ್ ಪ್ರಯೋಗ ಶುರು ಮಾಡಿದಾಗ ಮೋಡದ ಹನಿ, ದೂಳಿನ ಕಣ, ಗಾಳಿ ಎಲ್ಲವನ್ನೂ ಅಳೆಯುವ ವಿಮಾನವನ್ನೇ ಹಾರಿಸಿತು. 2016ರ ಮುಂಗಾರಿನಲ್ಲಿ ಬ್ರಿಟನ್ನಿನ ಬಿಎಇ-146 ಬೆಂಗಳೂರಿನಿಂದ ಹಾರಿ ಪಶ್ಚಿಮ ಘಟ್ಟದ ಎರಡೂ ಬದಿಯ ಹವೆಯನ್ನು ಅಳೆಯಿತು. ಅದು ನಾಲ್ಕು ಎಂಜಿನ್‌ಗಳ ಜೆಟ್. ನಮ್ಮ ಮಾತು ಅಷ್ಟು ದೊಡ್ಡ ವಿಮಾನದ್ದಲ್ಲ.

ಯಾವ ವಿಮಾನ

ಮೂತಿಯಲ್ಲಿ ಒಂದೇ ಎಂಜಿನ್ ಇರುವ ಸೆಸ್ನಾ 172ನಂಥ ವಿಮಾನ ಸುಲಭವಾಗಿ ಸಿಗುತ್ತದೆ, ಬಾಡಿಗೆಯೂ ಕಡಿಮೆ. ಆದರೆ ಅಳತೆಗೆ ಎಲ್ಲಕ್ಕಿಂತ ಒಳ್ಳೆಯ ಜಾಗ ಮೂತಿ. ಅಲ್ಲಿ ಎಂಜಿನ್ ಕೂತುಬಿಟ್ಟಿದೆ. ಒಡಲಿನ ಸುತ್ತಲಿನ ಗಾಳಿಯೆಲ್ಲ ಪ್ರೊಪೆಲ್ಲರ್ ಕಡೆದದ್ದು, ಹೊಗೆ ಬೆರೆತದ್ದು. ಉಳಿಯುವುದು ರೆಕ್ಕೆ ಮಾತ್ರ. ಪ್ರೊಪೆಲ್ಲರಿನ ಸುತ್ತಳತೆಯಿಂದ ಸಾಕಷ್ಟು ಆಚೆ, ರೆಕ್ಕೆಯ ಕೆಳಗೆ ಇನ್‌ಲೆಟ್, ಅಂದರೆ ಹವೆ ಒಳಗೆ ಎಳೆಯುವ ಬಾಯಿ, ಇಟ್ಟು, ಅಲ್ಲಿಂದ ಕ್ಯಾಬಿನ್‌ಗೆ ಕೊಳವೆ ಎಳೆಯಬೇಕು. ಅನಿಲ ಅಳೆಯಲು ಇಷ್ಟು ಸಾಕು. 2015ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಅಲಿಸೋ ಕ್ಯಾನ್ಯನ್‌ನಲ್ಲಿ ನೈಸರ್ಗಿಕ ಅನಿಲದ ಬಾವಿ ಒಡೆದು ಸೋರಿತಲ್ವಾ, ಆಗ ಸೋರಿಕೆಯ ಪ್ರಮಾಣ ಹಿಡಿದದ್ದು ಒಂದೇ ಎಂಜಿನ್ನಿನ ಮೂನಿ ವಿಮಾನ. ಸುಮಾರು 97,000 ಟನ್ ಮೀಥೇನ್ ಹವೆಗೆ ಸೇರಿತ್ತು ಅಂತ ಲೆಕ್ಕ ಸಿಕ್ಕಿದ್ದು ಆ ಹಾರಾಟಗಳಿಂದ. ದೊಡ್ಡ ವಿಮಾನ ಇಲ್ಲದೆ ಏನೂ ಆಗುವುದಿಲ್ಲ ಅನ್ನುವವರಿಗೆ ಈ ಉದಾಹರಣೆ ತೋರಿಸಬೇಕು.

ಎಂಜಿನ್ ಹಿಂದಕ್ಕಿರುವ ವಿಮಾನದ ಕಥೆ ಬೇರೆ. ಇಟಲಿಯ ಸ್ಕೈ ಆರೋ 650 ಇದಕ್ಕೆ ಚೆನ್ನಾದ ಮಾದರಿ. ಇಬ್ಬರು ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ. ಪ್ರೊಪೆಲ್ಲರ್ ಹಿಂದಿನಿಂದ ತಳ್ಳುತ್ತದೆ. ಮೂತಿ ಪೂರ್ತಿ ಖಾಲಿ. ಆ ಮೂತಿಯ ತುದಿಗೆ ಬ್ಯಾಟ್ ಪ್ರೋಬ್ ಅನ್ನುವ ಅರ್ಧಗೋಳವನ್ನು ಕೂರಿಸಿ, ಅದರ ಮೈಮೇಲಿನ ಒಂಬತ್ತು ತೂತುಗಳ ಒತ್ತಡದಿಂದ ಗಾಳಿಯ ಏರಿಳಿತ ಹಿಡಿಯುತ್ತಾರೆ. ಕಾಡು, ಹೊಲ ಎಷ್ಟು ಇಂಗಾಲದ ಡೈಆಕ್ಸೈಡ್ ಹೀರುತ್ತವೆ, ಎಷ್ಟು ನೀರಾವಿ ಬಿಡುತ್ತವೆ ಅಂತ ಕೆಳಮಟ್ಟದಲ್ಲಿ ಹಾರಿ ಅಳೆಯಲು ಇದಕ್ಕಿಂತ ಶುಚಿಯಾದ ಜೋಡಣೆ ಸಣ್ಣ ವಿಮಾನಗಳಲ್ಲಿ ನನಗೆ ಕಾಣುವುದಿಲ್ಲ. ಕೊರತೆ ಅಂದರೆ ತೂಕ. ಹೆಸರಿನಲ್ಲಿರುವ 650 ಅಂದರೆ ಏರುವಾಗಿನ ಗರಿಷ್ಠ ತೂಕ 650 ಕೆಜಿ. ವಿಮಾನ, ಇಂಧನ, ಪೈಲಟ್ ಎಲ್ಲ ಕಳೆದ ಮೇಲೆ ಉಪಕರಣಕ್ಕೆ ಉಳಿಯುವುದು ಸ್ವಲ್ಪವೇ.

ಎಂಜಿನ್ ಇರುವ ತೇಲುವಿಮಾನ, ಅಂದರೆ ಮೋಟಾರ್ ಗ್ಲೈಡರ್, ನಡುವಿನ ದಾರಿ. ಎಚ್‌ಕೆ36 ಸೂಪರ್ ಡಿಮೋನಾವನ್ನು ಆಸ್ಟ್ರೇಲಿಯಾದಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಹವೆಯ ಸಂಶೋಧನೆಗೆ ಬಹಳ ಬಳಸಿದ್ದಾರೆ. ಉದ್ದನೆಯ ರೆಕ್ಕೆಗಳ ಕೆಳಗೆ ಉಪಕರಣದ ಗೂಡುಗಳನ್ನು (ಪಾಡ್) ಕಟ್ಟಿದರೆ ಅವು ಪ್ರೊಪೆಲ್ಲರಿನಿಂದ ದೂರವೇ ಇರುತ್ತವೆ. ನಿಧಾನಕ್ಕೆ ಹಾರುತ್ತದೆ, ಇಂಧನ ಕಡಿಮೆ ಕುಡಿಯುತ್ತದೆ.

ಎರಡು ಎಂಜಿನ್ ರೆಕ್ಕೆಯ ಮೇಲಿರುವ ಡೈಮಂಡ್ ಡಿಎ42ರಲ್ಲಿ ಮೂತಿ ಮತ್ತೆ ನಮ್ಮದಾಗುತ್ತದೆ, ತೂಕಕ್ಕೂ ಜಾಗ ಸಿಗುತ್ತದೆ. ಅದರ ಮೇಲಿನ ಮೆಟ್ಟಿಲು ಕಿಂಗ್ ಏರ್ ಬಿ200. ಮುಂಗಾರು ಮೋಡದ ಒಳಗೆ ಹೋಗಬೇಕಾದರೆ ನಾನು ಹೇಳುವುದು ಇದೊಂದನ್ನೇ. ನಮ್ಮಲ್ಲಿ ಮಳೆಗಾಲದಲ್ಲಿ ನೀರು ಹೆಪ್ಪುಗಟ್ಟುವ ಮಟ್ಟ ಸುಮಾರು 5ರಿಂದ 5.5 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಗೆ ಏರಲು ಒತ್ತಡ ಕಾಯ್ದುಕೊಳ್ಳುವ ಕ್ಯಾಬಿನ್ ಬೇಕು, ರೆಕ್ಕೆಯ ಮೇಲಿನ ಮಂಜುಗಡ್ಡೆ ಕಳಚುವ ವ್ಯವಸ್ಥೆ ಬೇಕು. ಒತ್ತಡದ ಕ್ಯಾಬಿನ್ ಇಲ್ಲದ ಪಿಸ್ಟನ್ ವಿಮಾನ 10,000 ಅಡಿ ದಾಟಿದರೆ ಒಳಗಿದ್ದವರಿಗೆ ಆಕ್ಸಿಜನ್ ಬೇಕಾಗುತ್ತದೆ. ಘಟ್ಟದ ಮೇಲಿನ ಜುಲೈ ಮೋಡಕ್ಕೆ ಒಂದೇ ಎಂಜಿನ್ನಿನ ಸಣ್ಣ ವಿಮಾನವನ್ನು ಯಾರೂ ನುಗ್ಗಿಸಬಾರದು. ಡೇಟಾ ಎಷ್ಟೇ ಬೇಕಿದ್ದರೂ ಸರಿ.

ಬೆಂಗಳೂರಿನಿಂದ ಹಾರುವವರು ಇನ್ನೊಂದು ಲೆಕ್ಕ ಮಾಡಬೇಕು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. 30 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ತೆಳು ಗಾಳಿ ವಿಮಾನಕ್ಕೆ 1,600 ಮೀಟರ್‌ಗೂ ಮೇಲಿನ ಎತ್ತರದಂತೆ ಅನಿಸುತ್ತದೆ. ರನ್‌ವೇ ಜಾಸ್ತಿ ಬೇಕು, ಏರುವುದು ನಿಧಾನ. ಮಂಗಳೂರಿನಲ್ಲಿ ಹೊತ್ತು ಏರುವಷ್ಟು ಉಪಕರಣವನ್ನು ಅದೇ ವಿಮಾನ ಬೆಂಗಳೂರಿನ ಮಧ್ಯಾಹ್ನದಲ್ಲಿ ಹೊರಲಾರದು.

ಡ್ರೋನ್ ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕೆಲವು ಕೆಲಸಕ್ಕೆ ಖಂಡಿತ ಸಾಕು. 2006ರ ಮಾರ್ಚ್‌ನಲ್ಲಿ ಹವಾಮಾನ ವಿಜ್ಞಾನಿ ವೀರಭದ್ರನ್ ರಾಮನಾಥನ್ ಅವರ ತಂಡ ಮಾಲ್ಡೀವ್ಸ್‌ನಲ್ಲಿ ಮೂರು ಪುಟ್ಟ ಮಾನವರಹಿತ ವಿಮಾನಗಳನ್ನು ಒಂದರ ಮೇಲೊಂದು ಹಾರಿಸಿತು. ಒಂದು ಮೋಡದ ಕೆಳಗೆ, ಒಂದು ಒಳಗೆ, ಒಂದು ಮೇಲೆ. ಕಂದು ಮೋಡದ, ಅಂದರೆ ಹೊಗೆ-ದೂಳಿನ ಮಬ್ಬಿನ, ಕಣಗಳು ಕೆಳ ವಾಯುಮಂಡಲ ಬಿಸಿಲಿಗೆ ಕಾಯುವುದನ್ನು ಸುಮಾರು ಶೇಕಡಾ 50ರಷ್ಟು ಹೆಚ್ಚಿಸುತ್ತವೆ ಅಂತ ತೋರಿಸಿದ್ದು ಆ ಪ್ರಯೋಗ. ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು ಅನ್ನುವುದು ನನಗೆ ಯಾವಾಗಲೂ ಹೆಮ್ಮೆ. ಆದರೆ ಭಾರತದ 2021ರ ಡ್ರೋನ್ ನಿಯಮದಂತೆ ಮೊದಲೇ ಅನುಮತಿ ಕೇಳದೆ ಹಾರಿಸಬಹುದಾದ ಹಸಿರು ವಲಯದ ಎತ್ತರ 400 ಅಡಿ, ಅಂದರೆ 120 ಮೀಟರ್. ಬೇಸಿಗೆಯ ಮಧ್ಯಾಹ್ನ ಬಯಲುಸೀಮೆಯಲ್ಲಿ ನೆಲದ ಬಿಸಿ ಕಲಕುವ ಪದರ ಎರಡು ಕಿಲೋಮೀಟರ್ ದಾಟುತ್ತದೆ. 120 ಮೀಟರ್‌ನಿಂದ ಅದರ ಬುಡ ಮಾತ್ರ ಕಾಣುತ್ತದೆ.

ಗಾಳಿ: ಎಲ್ಲಕ್ಕಿಂತ ಕಷ್ಟದ ಅಳತೆ

ಸ್ಕೂಟರಿನಲ್ಲಿ ಹೋಗುವಾಗ ಮುಖಕ್ಕೆ ಬಡಿಯುವ ಗಾಳಿಯಲ್ಲಿ ನಿಜವಾದ ಗಾಳಿ ಎಷ್ಟು, ನಮ್ಮ ಓಟದ್ದು ಎಷ್ಟು? ವಿಮಾನದ ಪ್ರಶ್ನೆಯೂ ಇದೇ. ವಿಮಾನ ಗಾಳಿಗೆ ಹೋಲಿಸಿದರೆ ಹೇಗೆ ಚಲಿಸುತ್ತಿದೆ ಅಂತ ಪ್ರೋಬ್ ಹೇಳುತ್ತದೆ. ನೆಲಕ್ಕೆ ಹೋಲಿಸಿದರೆ ಹೇಗೆ ಅಂತ ಜಿಪಿಎಸ್ ಹೇಳುತ್ತದೆ. ಎರಡರ ವ್ಯತ್ಯಾಸವೇ ಗಾಳಿ. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಒಂದು ಸಣ್ಣ ಸಂಖ್ಯೆ ಹುಡುಕುವ ಕೆಲಸ ಇದು. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹಾರುವಾಗ ವೇಗದ ಅಳತೆಯಲ್ಲಿ ಶೇಕಡಾ 1 ತಪ್ಪಾದರೆ ಗಾಳಿಯಲ್ಲಿ ಅರ್ಧ ಮೀಟರ್ ತಪ್ಪು. 100 ಮೀಟರ್ ವೇಗದಲ್ಲಿ ಒಂದು ಮೀಟರ್. ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿಯ ವೇಗವೇ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು ಇರುತ್ತದೆ. ಹಾಗಾದರೆ ಅಳೆದದ್ದು ಏನನ್ನು? ನಿಧಾನದ ವಿಮಾನ ಇಲ್ಲಿ ಗೆಲ್ಲುವುದು ಇದಕ್ಕೇ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ದಾರಿ ಇವೆ. ಕೆನಡಾದ ಎಐಎಂಎಂಎಸ್-20 ಥರದ ಸಿದ್ಧ ಪ್ರೋಬಿನಲ್ಲಿ ಒತ್ತಡ, ತಾಪ, ತೇವಾಂಶ, ಜಿಪಿಎಸ್ ಎಲ್ಲ ಒಟ್ಟಿಗೆ ಬರುತ್ತವೆ. ರೆಕ್ಕೆಯ ಕೆಳಗೆ ತೂಗುಹಾಕಿ ಕೆಲಸ ಶುರು ಮಾಡಬಹುದು. ಸಣ್ಣ ತಂಡಕ್ಕೆ, ಅದರಲ್ಲೂ ಮೋಡ ಮತ್ತು ಏರೋಸಾಲ್ (ಹವೆಯಲ್ಲಿ ತೇಲುವ ಸಣ್ಣ ಕಣ) ಮುಖ್ಯ ಅನ್ನುವವರಿಗೆ ಇದು ಸಾಕು. ಎರಡನೆಯದು ಮೂತಿಯಿಂದ ಮುಂದಕ್ಕೆ ಚಾಚಿದ ಬೂಮಿನ ತುದಿಯಲ್ಲಿ ಐದು ತೂತಿನ ಪ್ರೋಬ್, ಒಳಗೆ ವಿಮಾನದ ಚಲನೆ, ವಾಲಾಟ, ದಿಕ್ಕು ಹೇಳುವ ಪ್ರತ್ಯೇಕ ಘಟಕ, ಅಂದರೆ ಐಎನ್‌ಎಸ್. ಶ್ರಮ ಜಾಸ್ತಿ, ಫಲವೂ ಜಾಸ್ತಿ. ಮೂರನೆಯದು ಮೇಲೆ ಹೇಳಿದ ಬ್ಯಾಟ್ ಪ್ರೋಬ್.

ಯಾವುದನ್ನೇ ಆರಿಸಿ, ಐಎನ್‌ಎಸ್‌ನಲ್ಲಿ ಜಿಪುಣತನ ಬೇಡ. ಒಂದೇ ಆಂಟೆನಾ ಇರುವ ಅಗ್ಗದ ಘಟಕಕ್ಕೆ ವಿಮಾನ ನೇರ ಹಾರುವಾಗ ಮೂತಿ ಎತ್ತ ತಿರುಗಿದೆ ಅನ್ನುವುದು ಮೆಲ್ಲಗೆ ತಪ್ಪುತ್ತಾ ಹೋಗುತ್ತದೆ. ಅರ್ಧ ಡಿಗ್ರಿ ತಪ್ಪಿದರೂ 50 ಮೀಟರ್ ವೇಗದಲ್ಲಿ ಅಡ್ಡಗಾಳಿಯಲ್ಲಿ 0.4 ಮೀಟರಿಗೂ ಹೆಚ್ಚು ದೋಷ. ಎರಡು ಆಂಟೆನಾದ ಜಿಪಿಎಸ್ ಈ ಕಾಯಿಲೆಗೆ ಮದ್ದು. ಇನ್ನು ರೆಕ್ಕೆ ಎತ್ತಿಬಿಟ್ಟ ಗಾಳಿಯ ಪ್ರಭಾವವನ್ನು ಯಾವ ಪ್ರೋಬ್ ಕೂಡ ಪೂರ್ತಿ ತಪ್ಪಿಸಿಕೊಳ್ಳುವುದಿಲ್ಲ. ಅದನ್ನು ಹಾರಾಟದಲ್ಲೇ ಅಳೆದು ಕಳೆಯಬೇಕು.

ತಾಪ ಮತ್ತು ತೇವ

ತಾಪಮಾನ ಸುಲಭ ಅಂತ ಕಾಣುತ್ತದೆ. ಒತ್ತಿಕೊಂಡ ಗಾಳಿ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಅರ್ಧ ಡಿಗ್ರಿಯಷ್ಟು ಕಾಯುತ್ತದೆ, 50ರಲ್ಲಿ ಸುಮಾರು 1.2 ಡಿಗ್ರಿ, 100ರಲ್ಲಿ 5 ಡಿಗ್ರಿ. ಲೆಕ್ಕದಿಂದ ಇದನ್ನು ಕಳೆಯಬಹುದು, ಆದರೆ ವೇಗ ಸರಿಯಾಗಿ ಗೊತ್ತಿದ್ದರೆ ಮಾತ್ರ. ಮತ್ತೆ ಗಾಳಿಯ ಪ್ರೋಬಿಗೇ ಬಂದೆವು ನೋಡಿ. ಗೂಡಿನೊಳಗಿನ ಪ್ಲಾಟಿನಂ ಸೆನ್ಸರ್ ಗಟ್ಟಿಮುಟ್ಟು, ಆದರೆ ನಿಧಾನ. ಸೂಜಿಮೊನೆಯಷ್ಟು ಸಣ್ಣ ಥರ್ಮಿಸ್ಟರ್ ಚುರುಕು, ಆದರೆ ಮಳೆಹನಿಗೆ, ಹುಳಕ್ಕೆ ಮುರಿಯುತ್ತದೆ. ಎರಡನ್ನೂ ಹಾಕಿ. ಮೋಡದೊಳಗೆ ಒದ್ದೆಯಾದ ಸೆನ್ಸರ್‌ನಿಂದ ನೀರು ಆರುತ್ತಾ ತಾಪ ಕಡಿಮೆ ತೋರಿಸುತ್ತದೆ ಅನ್ನುವುದನ್ನು ಮರೆಯಬೇಡಿ.

ತೇವಾಂಶಕ್ಕೂ ಇದೇ ಜೋಡಿಸೂತ್ರ. ಇಬ್ಬನಿ ಕಟ್ಟುವ ತಣ್ಣನೆ ಕನ್ನಡಿಯ ಉಪಕರಣ ನಂಬಿಕಸ್ತ, ಆದರೆ ಹವೆ ಥಟ್ಟನೆ ಬದಲಾದರೆ ಅದು ತಡಕಾಡುತ್ತದೆ. ಲೈಕೋರ್ ಕಂಪನಿಯ ತೆರೆದ ದಾರಿಯ (ಕೊಳವೆಯಿಲ್ಲದೆ ಹೊರಗಿನ ಹವೆ ನೇರ ಹಾದುಹೋಗುವ) ಇನ್‌ಫ್ರಾರೆಡ್ ಉಪಕರಣ ಸೆಕೆಂಡಿಗೆ ಹತ್ತಿಪ್ಪತ್ತು ಸಲ ನೀರಾವಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಹೇಳುತ್ತದೆ, ಆದರೆ ಅಲುಗಾಟಕ್ಕೆ, ಗಾಜಿನ ಮೇಲಿನ ಕೊಳೆಗೆ ಅಳತೆ ಸರಿಯುತ್ತದೆ. ಚುರುಕಿನದರಿಂದ ಏರಿಳಿತ, ನಿಧಾನದ್ದರಿಂದ ಸರಾಸರಿ ಅಂತ ಎರಡನ್ನೂ ಬೆಸೆಯುವುದು ಹಳೆಯ ಪದ್ಧತಿ, ಇವತ್ತಿಗೂ ಒಳ್ಳೆಯದು. ಎತ್ತರದ ಚಳಿಯಿಂದ ಕರಾವಳಿಯ ಒದ್ದೆ ಹವೆಗೆ ಬೇಗ ಇಳಿದರೆ ತಣ್ಣಗಿರುವ ಗಾಜು, ಕೊಳವೆ ಎಲ್ಲ ಬೆವರುತ್ತವೆ. ನಮ್ಮ ಸೀಮೆಯಲ್ಲಿ ಸ್ವಲ್ಪ ಬಿಸಿ ಮಾಡುವ ವ್ಯವಸ್ಥೆ ಇಲ್ಲದ ತೆರೆದ ಉಪಕರಣವನ್ನು ನಾನಾದರೆ ಕೊಳ್ಳುವುದಿಲ್ಲ.

ಕಣಗಳು

ಏರೋಸಾಲ್ ಅಳೆಯುವವರು ಹಣವನ್ನೆಲ್ಲ ಅಳೆಯುವ ಉಪಕರಣದ ಡಬ್ಬಿಗೆ ಸುರಿದು, ಇನ್‌ಲೆಟ್‌ಗೆ ಸುಮ್ನೆ ಒಂದು ಪೈಪು ಹಾಕುವುದು ಸಾಮಾನ್ಯ. ಇದು ತಿರುಗಮುರುಗ ಆಗಬೇಕು. ಕೊಳವೆಯ ಬಾಯಿಗೆ ಬರುವ ಗಾಳಿ ಮತ್ತು ಒಳಗೆ ಹೋಗುವ ಗಾಳಿ ಒಂದೇ ವೇಗದಲ್ಲಿರಬೇಕು. ಒಳಗಿನ ವೇಗ ಕಡಿಮೆಯಾದರೆ ಗಾಳಿ ಬದಿಗೆ ಸರಿದು ಹೋಗುತ್ತದೆ, ಭಾರದ ಕಣ ಮಾತ್ರ ತನ್ನ ಓಟದಲ್ಲಿ ನೇರ ಒಳಗೆ ನುಗ್ಗುತ್ತದೆ. ದೂಳು ಇರುವುದಕ್ಕಿಂತ ಜಾಸ್ತಿ ತೋರುತ್ತದೆ. ಆಮೇಲೆ ಕೊಳವೆಯ ಪ್ರತಿ ತಿರುವಿನಲ್ಲೂ ದಪ್ಪ ಕಣ ಗೋಡೆಗೆ ಬಡಿದು ಉಳಿಯುತ್ತದೆ. ಆದಷ್ಟು ನೇರ, ಆದಷ್ಟು ಗಿಡ್ಡ.

ಕೊಳವೆಯ ವಸ್ತು ಕೂಡ ಮುಖ್ಯ. ಟೆಫ್ಲಾನ್ ಕೊಳವೆಯಲ್ಲಿ ಸ್ಥಾಯಿ ವಿದ್ಯುತ್ ಕೂತು ಕಣಗಳನ್ನು ಎಳೆದುಕೊಳ್ಳುತ್ತದೆ. ಕಣಕ್ಕೆ ಸ್ಟೀಲು ಅಥವಾ ವಿದ್ಯುತ್ ಹರಿಸುವ ಕಪ್ಪು ರಬ್ಬರಿನಂಥ ಕೊಳವೆ ಬೇಕು. ಓಝೋನಿಗೆ ಇದರ ಉಲ್ಟಾ. ಅದು ರಬ್ಬರು, ಲೋಹ ತಾಗಿದರೆ ನಾಶವಾಗುತ್ತದೆ, ಟೆಫ್ಲಾನೇ ಸರಿ. ಒಂದೇ ಇನ್‌ಲೆಟ್ ಹಾಕಿ ಒಂದೇ ಕೊಳವೆಯಿಂದ ಎಲ್ಲ ಉಪಕರಣಕ್ಕೂ ಕವಲು ಒಡೆಯೋಣ ಅನ್ನುವ ಉಳಿತಾಯದ ಯೋಚನೆ ಇಲ್ಲೇ ಮುರಿದು ಬೀಳುತ್ತದೆ.

ಇನ್ನು ಡಬ್ಬಿಗಳು. ರೆಕ್ಕೆಯ ಕೆಳಗೆ ತೂಗುವ ಪಿಸಿಎಎಸ್‌ಪಿ ಸುಮಾರು 0.1ರಿಂದ 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಣಗಳನ್ನು ಎಣಿಸುತ್ತದೆ. ಹೊರಗೇ ಇರುವುದರಿಂದ ಉದ್ದ ಕೊಳವೆಯ ಕಾಟ ಇಲ್ಲ. ಭಾರವೇ ಅದರ ತೊಂದರೆ. ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾದಲ್ಲಿ ಹುಟ್ಟಿದ ಪಾಪ್ಸ್ ಅದೇ ಥರದ ಕೆಲಸವನ್ನು ಒಂದು ಕೆಜಿಗೂ ಕಡಿಮೆ ತೂಕದಲ್ಲಿ ಮಾಡುತ್ತದೆ. ಮೋಟಾರ್ ಗ್ಲೈಡರ್, ಡ್ರೋನ್ ಅಂದರೆ ನನ್ನ ಆಯ್ಕೆ ಪಾಪ್ಸ್. ಮೋಡದ ಹನಿ ಬೇಕಾದರೆ 2ರಿಂದ 50 ಮೈಕ್ರಾನ್ ನೋಡುವ ಸಿಡಿಪಿ.

ಇನ್ನೂ ಸಣ್ಣ ಕಣಗಳ ಒಟ್ಟು ಎಣಿಕೆಗೆ ಬರುವ ಸಿಪಿಸಿಗಳಲ್ಲಿ ಹೆಚ್ಚಿನವು ಬ್ಯೂಟನಾಲ್ ಆವಿಯಿಂದ ಕಣವನ್ನು ಊದಿಸಿ ಎಣಿಸುತ್ತವೆ. ಪ್ರಯೋಗಾಲಯಕ್ಕೆ ಚೆನ್ನ. ವಿಮಾನ ವಾಲಿ ತಿರುಗುವಾಗ ಆ ದ್ರವ ಹರಿದು ಒಳಗಿನ ಬೆಳಕಿನ ಭಾಗಗಳನ್ನು ಮುಳುಗಿಸುತ್ತದೆ. ಅದು ಬೆಂಕಿ ಹತ್ತುವ ದ್ರವ ಬೇರೆ, ವಾಸನೆಯೂ ವಿಪರೀತ. ಪುಟ್ಟ ಕ್ಯಾಬಿನ್ನಿಗೆ ವಾಲಾಟ ತಡೆಯುವ ಮಾದರಿಯನ್ನೇ ಕೇಳಿ ತನ್ನಿ.

ಮಸಿಯ ಕಣಕ್ಕೆ ಈಥಲೋಮೀಟರ್ ನಮ್ಮ ದೇಶದಲ್ಲಿ ಪರಿಚಿತ. ಭಾರತದಲ್ಲಿ ಏರೋಸಾಲ್ ಅಳೆದ 2006ರ ಐಕಾರ್ಬ್ ಅಭಿಯಾನದಿಂದಲೇ ಅದನ್ನು ವಿಮಾನದಲ್ಲಿ ಹೊತ್ತು ಮಸಿ ಎಷ್ಟೆತ್ತರದವರೆಗೆ ಇದೆ ಅಂತ ಅಳೆದಿದ್ದಾರೆ. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ, ಉಪಕರಣ ಲೆಕ್ಕಹಾಕುವ ಗಾತ್ರ ಮತ್ತು ಅಲ್ಲಿನ ನಿಜವಾದ ಗಾತ್ರ ಬೇರೆಯಾಗುತ್ತವೆ. ಒತ್ತಡ, ತಾಪ ಇಟ್ಟುಕೊಂಡು ತಿದ್ದದೆ ಯಾವ ಅಂಕಿಯನ್ನೂ ಪ್ರಕಟಿಸಬಾರದು. ಬೆಳಕು ಚದುರಿಸುವುದನ್ನು ಅಳೆಯುವ ನೆಫಲೋಮೀಟರಿಗೂ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಕಣ ನೀರು ಕುಡಿದು ಊದಿರುತ್ತದೆ. ಬೆಚ್ಚಗಿನ ಕ್ಯಾಬಿನ್ನಿಗೆ ಬಂದರೆ ಒಣಗಿ ಚಿಕ್ಕದಾಗುತ್ತದೆ. ಹಾಗಾಗಿ ಉಪಕರಣದ ಒಳಗಿನ ತೇವಾಂಶವನ್ನೂ ಜೊತೆಗೇ ದಾಖಲಿಸಬೇಕು.

ಅನಿಲ, ಬಿಸಿಲು, ಕ್ಯಾಮೆರಾ

ಮೀಥೇನ್, ಇಂಗಾಲದ ಡೈಆಕ್ಸೈಡ್ ನಿಖರವಾಗಿ ಬೇಕಾದರೆ ಪಿಕಾರೋದಂಥ ಲೇಸರ್ ಉಪಕರಣ. ಪಂಪೂ ಸೇರಿ 20 ಕೆಜಿಗೂ ಜಾಸ್ತಿ, ಕರೆಂಟೂ ಜಾಸ್ತಿ. ತೆರೆದ ದಾರಿಯ ಉಪಕರಣ ಹಗುರ, ಚುರುಕು, ಆದರೆ ಅಷ್ಟು ಸ್ಥಿರವಲ್ಲ. ಕಾರ್ಖಾನೆ, ಕಸದ ರಾಶಿ ಎಷ್ಟು ಬಿಡುತ್ತದೆ ಅಂತ ಸುತ್ತುಹಾಕಿ ಅಳೆಯುವುದಾದರೆ ಮೊದಲನೆಯದು. ಕಾಡಿನ ಉಸಿರಾಟ ಅಳೆಯುವುದಾದರೆ ಎರಡನೆಯದು. ಓಝೋನಿಗೆ ಅತಿನೇರಳೆ ಬೆಳಕಿನ ಪುಟ್ಟ ಉಪಕರಣಗಳಿವೆ, ಅವು ಯಾವ ವಿಮಾನಕ್ಕೂ ಭಾರವಲ್ಲ.

ಬಿಸಿಲಿನ ಮಾಪಕ ವಿಮಾನ ಓರೆಯಾದರೆ ತಪ್ಪು ಹೇಳುತ್ತದೆ, ಐಎನ್‌ಎಸ್ ಡೇಟಾ ಇದ್ದರೆ ತಿದ್ದಬಹುದು. ಥರ್ಮಲ್ ಕ್ಯಾಮೆರಾ, ಲೇಸರಿನಿಂದ ದೂರ ಅಳೆಯುವ ಲೈಡಾರ್‌ಗಳಿಗೆ ಹೊಟ್ಟೆಯಲ್ಲಿ ಕಿಂಡಿ ಬೇಕು, ಅಷ್ಟೇ. ವಿಮಾನದ ಗಾಳಿ ಅವನ್ನು ಕಾಡುವುದಿಲ್ಲ. ಇವಕ್ಕೇ ಮೀಸಲಾದ ಕೆಲಸವಾದರೆ ಸೆಸ್ನಾ ಬಿಟ್ಟು ಬೇರೆ ಯೋಚಿಸಬೇಡಿ.

ಕರೆಂಟು, ಗಡಿಯಾರ, ಅನುಮತಿ

ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾದ ರೋಟಾಕ್ಸ್ 912 ಎಂಜಿನ್ನಿನ ಜನರೇಟರ್ ಕೊಡುವುದು ಸುಮಾರು 250 ವ್ಯಾಟ್. ವಿಮಾನದ ರೇಡಿಯೋ, ದೀಪ ಎಲ್ಲ ಇದರಲ್ಲೇ. ಒಂದು ಲೇಸರ್ ಉಪಕರಣ ಹಾಕಿದರೆ ಮುಗಿಯಿತು. ಬೇರೆ ಬ್ಯಾಟರಿ ಹೊರುವುದಾದರೆ ಅದರ ತೂಕವೂ ಉಪಕರಣದ ತೂಕವೇ.

ಗಡಿಯಾರ ಎಲ್ಲಕ್ಕೂ ಒಂದೇ ಇರಬೇಕು, ಜಿಪಿಎಸ್‌ನಿಂದ ಬಂದದ್ದಾಗಿರಬೇಕು. ಅದರ ಮೇಲೆ ಕೊಳವೆಯ ತಡ ಬೇರೆ. 4 ಮಿಲಿಮೀಟರ್ ಒಳವ್ಯಾಸದ 3 ಮೀಟರ್ ಕೊಳವೆಯಲ್ಲಿ ನಿಮಿಷಕ್ಕೆ ಒಂದು ಲೀಟರ್ ಎಳೆದರೆ ಹವೆ ಉಪಕರಣ ಮುಟ್ಟಲು ಎರಡು ಸೆಕೆಂಡಿಗೂ ಜಾಸ್ತಿ ಬೇಕು. ಅಷ್ಟರಲ್ಲಿ ವಿಮಾನ 100 ಮೀಟರಿಗೂ ಮುಂದೆ ಹೋಗಿರುತ್ತದೆ. ಇದನ್ನು ಸರಿಪಡಿಸದಿದ್ದರೆ ಇಟ್ಟಿಗೆ ಗೂಡಿನ ಹೊಗೆ ಪಕ್ಕದ ಹೊಲದ ಲೆಕ್ಕಕ್ಕೆ ಹೋಗುತ್ತದೆ.

ವಿಮಾನದ ಮೈಗೆ ಪಾಡ್ ಕಟ್ಟಲು, ತೂತು ಕೊರೆಯಲು ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿಗೆ ಬೇಕು. ಉಪಕರಣ ತರಿಸುವುದಕ್ಕಿಂತ ಇದಕ್ಕೇ ಹೆಚ್ಚು ಕಾಲ ಇಟ್ಟುಕೊಳ್ಳಿ. ಬೇರೆಯವರು ಈಗಾಗಲೇ ಒಪ್ಪಿಗೆ ಪಡೆದ ಪಾಡ್ ಇರುವ ವಿಮಾನ ಸಿಕ್ಕರೆ, ಅದು ಸ್ವಲ್ಪ ಹಳೆಯದಾದರೂ ಅದನ್ನೇ ಆರಿಸಿ ಅಂತ ನನ್ನ ಸಲಹೆ.

ಹಣ ಎಲ್ಲದಕ್ಕೂ ಸಾಲದಿದ್ದರೆ? ಮೊದಲು ಒಳ್ಳೆಯ ಗಾಳಿ ಪ್ರೋಬ್, ಎರಡು ಆಂಟೆನಾದ ಜಿಪಿಎಸ್-ಐಎನ್‌ಎಸ್, ಒಂದೇ ಗಡಿಯಾರದ ದಾಖಲೆ ಪೆಟ್ಟಿಗೆ. ಎರಡನೆಯದಾಗಿ ಇನ್‌ಲೆಟ್. ತಾಪ, ತೇವ ಆಮೇಲೆ. ಕಣ, ಅನಿಲದ ದುಬಾರಿ ಡಬ್ಬಿಗಳನ್ನು ಬೇರೆ ಸಂಸ್ಥೆಯಿಂದ ಎರವಲು ತರಬಹುದು, ಅವು ಊರೂರು ತಿರುಗುವ ಸಾಮಾನು. ವಿಮಾನಕ್ಕೆ ಅಂಟಿಕೊಂಡಿರುವ ಪ್ರೋಬ್, ಅದರ ತಿದ್ದುಪಡಿಯ ಅಂಕಿಗಳನ್ನು ಯಾರಿಂದಲೂ ಎರವಲು ತರಲಾಗುವುದಿಲ್ಲ.

ಎಲ್ಲ ಕೂರಿಸಿದ ಮೇಲೆ ಮೊದಲ ಹಾರಾಟವನ್ನು ಸಂಶೋಧನೆಗೆ ಅಂತ ಇಟ್ಟುಕೊಳ್ಳಬೇಡಿ. ಬೆಳಗಿನ ತಂಪು ಹೊತ್ತಿನಲ್ಲಿ, ಕಲಕಾಟ ಇಲ್ಲದ ಎತ್ತರದಲ್ಲಿ ಒಂದು ನೇರ ಗೆರೆ ಹಾರಿ. ತಿರುಗಿ ಅದೇ ಗೆರೆಯಲ್ಲಿ ವಾಪಸ್ ಬನ್ನಿ. ಆಮೇಲೆ ಮೂತಿಯನ್ನು ಎಡಬಲಕ್ಕೆ, ಮೇಲೆ ಕೆಳಗೆ ಬೇಕೆಂದೇ ತೂಗಿಸಿ, ವೇಗ ಏರಿಸಿ ಇಳಿಸಿ. ನೆಲದಲ್ಲಿ ಕೂತು ಲೆಕ್ಕ ಹಾಕಿದಾಗ ಹೋಗುವ ದಾರಿಯ ಗಾಳಿ, ಬರುವ ದಾರಿಯ ಗಾಳಿ ಒಂದೇ ಬರಬೇಕು. ಮೂತಿ ತೂಗಿದ ಗುರುತು ಮೇಲ್ಮುಖ ಗಾಳಿಯ ಗೆರೆಯಲ್ಲಿ ಕಾಣಬಾರದು. ಕಂಡರೆ ಪ್ರೋಬಿನ ತಿದ್ದುಪಡಿ ಅಂಕಿಗಳನ್ನು ಬದಲಿಸಿ ಇನ್ನೊಮ್ಮೆ ಹಾರಿ. ಬಜೆಟ್ಟಿನಲ್ಲಿ ಈ ಗಂಟೆಗಳಿಗೆ ಮೊದಲೇ ಹಣ ತೆಗೆದಿಡಿ, ಮತ್ತು ಪಾಡ್ ಬಿಚ್ಚಿ ಮತ್ತೆ ಕಟ್ಟಿದಾಗಲೆಲ್ಲ ಇದನ್ನು ಹೊಸದಾಗಿ ಮಾಡಿ.